ನಿಪ್ಪಾಣಿ ಸೀಮೆಯಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂದದ್ದು
ಅಂಬಾಸಡರ್, ಫಿಯಟ್, ಜೀಪುಗಳ ಮೊದಲ ತಲೆಮಾರಿನಲ್ಲಿ ಬ್ಯಾಟರಿಗೆ ಕರೆಂಟು ತುಂಬುತ್ತಿದ್ದುದು ಡೈನಮೋ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಿಗೆ ಅದು ಒಗ್ಗುವ ಯಂತ್ರವಾಗಿರಲಿಲ್ಲ. ಎಂಜಿನ್ ಜೋರಾಗಿ ತಿರುಗಿದಾಗಷ್ಟೇ ಡೈನಮೋ ಚಾರ್ಜ್ ಕೊಡುತ್ತದೆ. ಈ ಸೀಮೆಯಲ್ಲೋ, ಕಬ್ಬಿನ ಹಂಗಾಮು ಬಂತೆಂದರೆ ಉಗಾರದ ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಗಳ ಹಿಂದೆ ತೆವಳುತ್ತಲೇ ಸಾಗಬೇಕು. ಇರುಳಾದರೆ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಲೂಕಾಸ್ ಕಂಪನಿಯ ಸಿ 40 ಡೈನಮೋ ಕೊಡುವ ಗರಿಷ್ಠ ಕರೆಂಟು ಸುಮಾರು 22 ಆಂಪಿಯರ್. ಅದರ ಕರೆಂಟು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಅಷ್ಟೂ ಕರೆಂಟು ಕಾರ್ಬನ್ನುಗಳ (ಬ್ರಷ್) ಮೂಲಕವೇ ಹೊರಬರಬೇಕು. ಆದ್ದರಿಂದ ಕಾರ್ಬನ್ ಸವೆಯುವುದು, ಕಮ್ಯುಟೇಟರ್ ಕಪ್ಪಾಗುವುದು, ಚಾರ್ಜನ್ನು ನಿಯಂತ್ರಿಸುವ ಕಟೌಟ್ ಪೆಟ್ಟಿಗೆಯ ಪಾಯಿಂಟುಗಳು ಸುಡುವುದು ತಪ್ಪದ ಕಾಟ.

ಆಲ್ಟರ್ನೇಟರಿನ ದಾರಿ ತೆರೆದದ್ದು ಅದರ ಎಸಿ ಕರೆಂಟನ್ನು ಡಿಸಿ ಮಾಡುವ ಸಿಲಿಕಾನ್ ಡಯೋಡ್. ಆಲ್ಟರ್ನೇಟರಿನಲ್ಲಿ ತಿರುಗುವುದು ಆಯಸ್ಕಾಂತ ಕ್ಷೇತ್ರ. ಕರೆಂಟು ಹುಟ್ಟುವುದು ಅಲುಗದ ಸುರುಳಿಯಲ್ಲಿ. ಕಾರ್ಬನ್ನುಗಳ ಪಾಲಿಗೆ ಬರುವುದು ಕೆಲವೇ ಆಂಪಿಯರ್, ಹಾಗಾಗಿ ಅವು ಬಹುಕಾಲ ಬಾಳುತ್ತವೆ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಅಳವಡಿಸಿತು. ಮದರಾಸಿನ ಪಾಡಿಯಲ್ಲಿ ವಾಹನಗಳ ವಿದ್ಯುತ್ ಬಿಡಿಭಾಗ ತಯಾರಿಸುವ ಲೂಕಾಸ್–ಟಿವಿಎಸ್ ಕಂಪನಿ ಹುಟ್ಟಿದ್ದೂ ಆ ದಶಕದ ಆರಂಭದಲ್ಲೇ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ ಆಲ್ಟರ್ನೇಟರ್ ಕಂಪನಿಯಿಂದಲೇ ಕೂತು ಬಂತು.

ಹಳೆಯ ಗಾಡಿಗೆ ಆಲ್ಟರ್ನೇಟರ್ ಕೂರಿಸುವ ವೈರಿಂಗ್ ಸರಳ, ಆದರೆ ಉದಾಸೀನವನ್ನು ಸಹಿಸುವುದಿಲ್ಲ. ಮೊದಲು ನೋಡಬೇಕಾದದ್ದು ಅರ್ಥ್, ಅಂದರೆ ಬ್ಯಾಟರಿಯ ಯಾವ ತುದಿ ಗಾಡಿಯ ಮೈಗೆ ಸೇರಿದೆ ಎಂಬುದು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಹಲವು ಪಾಸಿಟಿವ್ ಅರ್ಥಿನವು. ಸಾಮಾನ್ಯ ಆಲ್ಟರ್ನೇಟರಿಗೆ ನೆಗೆಟಿವ್ ಅರ್ಥ್ ಬೇಕು. ಇಲ್ಲಿ ತಪ್ಪಿದರೆ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಕಟೌಟ್ ಪೆಟ್ಟಿಗೆಗೆ ಆಮೇಲೆ ಕೆಲಸವಿಲ್ಲ, ಏಕೆಂದರೆ ಲೂಕಾಸ್ ಎಸಿಆರ್ ಮಾದರಿಯ ಆಲ್ಟರ್ನೇಟರಿನಲ್ಲಿ ರೆಗ್ಯುಲೇಟರ್ ಒಳಗೇ ಇದೆ. ದಪ್ಪ ವೈರು ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಕಡೆಯ ತುದಿಗೆ ಹೋಗುತ್ತದೆ. ಆ ಮಾದರಿಯ 17 ಎಸಿಆರ್ ಸುಮಾರು 36 ಆಂಪಿಯರ್ ಕೊಡಬಲ್ಲದು. 22ಕ್ಕೆ ಅಳೆದು ಹಾಕಿದ ಹಳೆಯ ವೈರು ಅದನ್ನು ತಾಳದೆ ಬಿಸಿಯಾಗುತ್ತದೆ. 30 ಆಂಪಿಯರಿನ ಮೀಟರಿಗೂ ಅದೇ ಅಪಾಯ.

ತೆಳು ವೈರು ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬಿಗೆ ಸೇರುತ್ತದೆ. ಅದು ಬರಿಯ ಎಚ್ಚರಿಕೆಯ ದೀಪವಲ್ಲ: ಆಲ್ಟರ್ನೇಟರಿನ ಕ್ಷೇತ್ರಕ್ಕೆ ಮೊದಲ ಕರೆಂಟು ಅದರ ಮೂಲಕವೇ ಹರಿಯುತ್ತದೆ. ಬಲ್ಬು ಸುಟ್ಟಿದ್ದರೆ ಎಂಜಿನ್ನಿನ ವೇಗ ಸಾಕಷ್ಟು ಏರುವವರೆಗೆ ಚಾರ್ಜ್ ಆಗುವುದೇ ಇಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಬಿಚ್ಚಿ ಪರೀಕ್ಷಿಸುವ ಡೈನಮೋ ಕಾಲದ ರೂಢಿಯನ್ನೂ ಬಿಡಲೇಬೇಕು, ಏಕೆಂದರೆ ಆಗ ಏರುವ ವೋಲ್ಟೇಜು ಡಯೋಡುಗಳನ್ನು ಕೊಲ್ಲುತ್ತದೆ. ಆಲ್ಟರ್ನೇಟರ್ ಬಂದ ಮೇಲೆ ಕಾರಿನ ಎಲೆಕ್ಟ್ರಿಷಿಯನ್‌ಗೆ ಆರ್ಮೇಚರ್ ಸುತ್ತುವ, ಕಮ್ಯುಟೇಟರ್ ಉಜ್ಜುವ ಕೆಲಸ ಇಳಿಯಿತು. ಡಯೋಡ್ ಪ್ಲೇಟು, ರೆಗ್ಯುಲೇಟರ್ ಬದಲಿಸುವ ಕೆಲಸ ಬೆಳೆಯಿತು.