ಯುರೋಪಿನ 2019–20ರ ಬೆಚ್ಚನೆಯ ಚಳಿಗಾಲ: ಕಾರಣ ನಿರ್ಣಯದ ಒಂದು ವಿವೇಚನೆ

2019ರ ಡಿಸೆಂಬರಿನಿಂದ 2020ರ ಫೆಬ್ರುವರಿಯವರೆಗಿನ ಚಳಿಗಾಲದಲ್ಲಿ ಯುರೋಪಿನ ಉಷ್ಣಾಂಶವು 1981–2010ರ ಸರಾಸರಿಗಿಂತ 3.4 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದು, ಅದುವರೆಗೆ ಅತಿ ಬೆಚ್ಚನೆಯದೆನಿಸಿದ್ದ 2015–16ರ ಚಳಿಗಾಲವನ್ನೂ ಸುಮಾರು 1.4 ಡಿಗ್ರಿಯಷ್ಟು ಮೀರಿಸಿತು. ಬಳ್ಳಿಯಲ್ಲೇ ಹೆಪ್ಪುಗಟ್ಟಿದ ದ್ರಾಕ್ಷಿಯನ್ನು ಕೊಯ್ದು, ನೀರು ಮಂಜುಗಡ್ಡೆಯಾಗಿ ಹಿಂದುಳಿಯುವಂತೆ ಹಿಂಡಿ ಗಾಢವಾದ ಸಿಹಿರಸದಿಂದ ತಯಾರಿಸುವ ‘ಐಸ್‌ವೈನ್’ಗೆ ಮೈನಸ್ 7 ಡಿಗ್ರಿಯ ಚಳಿ ಬೇಕು; ಅಷ್ಟು ಚಳಿ ಬೀಳದೆ, ಜರ್ಮನಿಯ 13 ದ್ರಾಕ್ಷಾರಸ ಪ್ರಾಂತಗಳಲ್ಲಿ ಒಂದರಲ್ಲೂ ಆ ವರ್ಷ ಅದರ ಕೊಯ್ಲು ಆಗಲಿಲ್ಲ. ಇದಕ್ಕೆ ವಾಯುಗುಣ ಬದಲಾವಣೆಯೇ ಹೊಣೆಯೇ ಎಂಬುದು ಸಹಜವಾಗಿ ಏಳುವ ಪ್ರಶ್ನೆ.

ಹತ್ತಿರದ ಕಾರಣವು ವಾಯು ಪರಿಚಲನೆಯಲ್ಲಿತ್ತು. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲಣ ಸಮೋಷ್ಣ ಮಂಡಲದಲ್ಲಿ ಶೀತಗಾಳಿಯು ಧ್ರುವವನ್ನು ಸುತ್ತುತ್ತಿರುತ್ತದೆ. ಧ್ರುವೀಯ ಸುಳಿ ಎನಿಸಿದ ಈ ಪರಿಚಲನೆಯು ಆ ವರ್ಷ ಅಸಾಧಾರಣವಾಗಿ ಬಲಗೊಂಡದ್ದರಿಂದ ಚಳಿಯು ಧ್ರುವದ ಸುತ್ತಲೇ ಉಳಿದು, ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪಶ್ಚಿಮ ಮಾರುತಗಳು ಅಡೆತಡೆಯಿಲ್ಲದೆ ಯುರೋಪಿನೊಳಕ್ಕೆ ಬೀಸಿದವು. ಹಿಂದೂ ಮಹಾಸಾಗರದ ಪಶ್ಚಿಮ ಭಾಗವು ಪೂರ್ವ ಭಾಗಕ್ಕಿಂತ ಹೆಚ್ಚು ಕಾಯುವ ದ್ವಿಧ್ರುವ ಸ್ಥಿತಿಯು 2019ರ ಕೊನೆಗೆ ಬಹಳ ತೀವ್ರವಾಗಿದ್ದು, ಈ ಪರಿಚಲನೆಗೆ ಅದೂ ಒತ್ತಾಸೆಯಾಯಿತೆಂದು ಸಂಶೋಧಕರು ತೋರಿಸಿದ್ದಾರೆ. ಇವೆಲ್ಲ ಮನುಷ್ಯನ ಹಸ್ತಕ್ಷೇಪವಿಲ್ಲದೆಯೂ ವರ್ಷದಿಂದ ವರ್ಷಕ್ಕೆ ಏರಿಳಿಯುವ ಸಂಗತಿಗಳು.

ಹಾಗೆಂದು ವಿಚಾರ ಇಲ್ಲಿಗೇ ಮುಗಿಯುವುದಿಲ್ಲ. ರಷ್ಯಾದ 2010ರ ಬಿಸಿಗಾಳಿಯನ್ನು ಒಂದು ಅಧ್ಯಯನವು ಬಹುಮಟ್ಟಿಗೆ ಸಹಜ ಏರಿಳಿತವೆಂದೂ, ಇನ್ನೊಂದು ತಾಪಮಾನ ಏರಿಕೆಯಿಲ್ಲದೆ ಅಂಥ ದಾಖಲೆಯು ಬಹುಶಃ ಸಂಭವಿಸುತ್ತಿರಲಿಲ್ಲವೆಂದೂ ಹೇಳಿದಾಗ, ವಾಯುಗುಣ ವಿಜ್ಞಾನಿ ಫ್ರೀಡೆರಿಕೆ ಆಟೋ ಮತ್ತು ಸಂಗಡಿಗರು 2012ರಲ್ಲಿ ಎರಡೂ ಒಟ್ಟಿಗೆ ಸತ್ಯವಾಗಿರಬಲ್ಲವೆಂದು ವಿವರಿಸಿದರು: ಘಟನೆಯ ತೀವ್ರತೆಯ ದೊಡ್ಡ ಪಾಲು ಪರಿಚಲನೆಯದಾಗಿದ್ದರೂ, ಅದು ಸಂಭವಿಸುವ ಸಾಧ್ಯತೆಯನ್ನು ತಾಪಮಾನ ಏರಿಕೆಯು ಹಲವು ಪಟ್ಟು ಹೆಚ್ಚಿಸಿರಬಹುದು. ‘ಎಷ್ಟು ಡಿಗ್ರಿ’ ಎಂಬುದೂ ‘ಎಷ್ಟು ಬಾರಿ’ ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬ ಈ ವಿವೇಕವನ್ನು ಚಳಿಗಾಲದ ಚರ್ಚೆಗೆ ಇನ್ನೂ ಹೆಚ್ಚಾಗಿ ಅನ್ವಯಿಸಬೇಕು. ಏಕೆಂದರೆ ಯುರೋಪಿನಲ್ಲಿ ಉಷ್ಣಾಂಶದ ಸಹಜ ಏರಿಳಿತವು ಬೇಸಿಗೆಗಿಂತ ಚಳಿಗಾಲದಲ್ಲಿ ಬಹಳ ದೊಡ್ಡದು. ಭೂಮಿ ಅದಾಗಲೇ ಬಿಸಿಯಾಗಿದ್ದರೂ ಪಶ್ಚಿಮ ಮಾರುತಗಳು ದುರ್ಬಲಗೊಂಡ 2009–10ರ ಚಳಿಗಾಲದಲ್ಲಿ ಉತ್ತರ ಯುರೋಪು ನಡುಗಿತ್ತು. ಆದ್ದರಿಂದ 3.4 ಡಿಗ್ರಿಯನ್ನೂ ಪೂರ್ತಿಯಾಗಿ ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಬರೆಯುವುದು ಸಲ್ಲದು. ಅದೇ ವೇಳೆಗೆ, ಹೋಲಿಕೆಗೆ ಬಳಸಿದ 1981–2010ರ ಸರಾಸರಿಯಲ್ಲೇ ಮಾನವಕೃತ ತಾಪದ ಒಂದಂಶ ಸೇರಿಕೊಂಡಿರುವುದರಿಂದ, ಆ ಅಂಕಿಯು ಹಿನ್ನೆಲೆಯ ಏರಿಕೆಯನ್ನು ಪೂರ್ತಿಯಾಗಿ ತೋರಿಸುವುದೂ ಇಲ್ಲ.

ಎರಡು ಪಾಲುಗಳನ್ನು ಬೇರ್ಪಡಿಸಲು ಸದೃಶ ಪರಿಚಲನೆಯ ಹಿಂದಿನ ವರ್ಷಗಳನ್ನು ಎದುರಿಗಿಟ್ಟು ನೋಡುವ ವಿಧಾನವು ಹೆಚ್ಚು ವಿಶ್ವಾಸಾರ್ಹ. 1989 ಮತ್ತು 1990ರ ಆರಂಭದ ತಿಂಗಳುಗಳಲ್ಲಿ ಪಶ್ಚಿಮ ಮಾರುತಗಳು 2020ರಷ್ಟಲ್ಲದಿದ್ದರೂ ಅದಕ್ಕೆ ಸಮೀಪದ ಬಲದಿಂದ ಬೀಸಿ ಯುರೋಪನ್ನು ಬೆಚ್ಚಗಾಗಿಸಿದ್ದವು. ಆದರೂ ಆ ಚಳಿಗಾಲಗಳು 2019–20ರ ಮಟ್ಟವನ್ನು ಮುಟ್ಟಲಿಲ್ಲ. ಈ ಅಂತರದಲ್ಲಿ ಒಂದು ಭಾಗ ಗಾಳಿಯ ಹೆಚ್ಚುವರಿ ಬಲಕ್ಕೆ ಸೇರಿದ್ದು. ಉಳಿದದ್ದರಲ್ಲಿ ನಡುವಿನ ಮೂರು ದಶಕಗಳಲ್ಲಿ ಕಾದ ಅಟ್ಲಾಂಟಿಕ್‌ನ, ಭೂಭಾಗದ ಮತ್ತು ಕರಗಿದ ಹಿಮದ ಪಾಲನ್ನು ಹುಡುಕಬೇಕು.