ಕಾವಲಿಗೆ ಇಬ್ಬರು ಬೇಕು

ಕೋವಿಡ್ ಕಾಲದಿಂದ ಈಚೆಗೆ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಒಂದು ಬೋಧನೆ ಬಹಳ ಓಡಾಡುತ್ತಿದೆ. ಕಷ್ಟಕಾಲದಲ್ಲಿ ‘ನೆಗೆಟಿವ್’ ಯೋಚನೆ ಬಂತೆಂದರೆ ವಿಶ್ವಾಸ ಸಾಲದು, ಅದನ್ನು ಬಾಯಿಬಿಟ್ಟು ಹೇಳುವುದಂತೂ ಸೈತಾನನಿಗೆ ಬಾಗಿಲು ತೆರೆದಂತೆ ಎನ್ನುತ್ತಾರೆ. ಸಭಾಪಾಲನೆಗೆ ಬರುವ ಹುಡುಗರಿಗೆ ಆಪ್ತಸಮಾಲೋಚನೆ ಕಲಿಸುತ್ತಲೇ ತಲೆ ನರೆತ ನನಗೆ ಇದು ಸುವಾರ್ತೆಗಿಂತ ಅಮೆರಿಕದ ಪುಸ್ತಕದಂಗಡಿಗೆ ಹತ್ತಿರದ ಮಾತಾಗಿ ಕೇಳುತ್ತದೆ. ಆಲೋಚನೆಗಳನ್ನು ಕಾಯುವ ಕ್ರೈಸ್ತ ವಿದ್ಯೆಗೆ ಹದಿನಾರು ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದರಲ್ಲಿ ಒಂಟಿ ಕಾವಲುಗಾರ ಸಿಗುವುದೇ ಅಪರೂಪ.

ಬೈಬಲ್ಲಿನ ಭಾಗವನ್ನು ಬೇಗ ಮುಗಿಸುತ್ತೇನೆ. ಗೆತ್ಸೆಮನೆಯಲ್ಲಿ ಯೇಸು ತನ್ನ ಪ್ರಾಣಸಂಕಟವನ್ನು ಮೂವರು ಶಿಷ್ಯರಿಗೆ ಹೇಳಿಕೊಂಡು, ಎಚ್ಚರವಾಗಿರಿ ಎಂದು ಕೇಳಿಕೊಂಡ. ಈ ಬೋಧನೆಗೆ ಎಲ್ಲರೂ ಆಧಾರವಾಗಿ ತೋರಿಸುವ, ಫಿಲಿಪ್ಪಿಯವರಿಗೆ ಕಳಿಸಿದ ಪತ್ರವನ್ನು ಪೌಲ ಬರೆದದ್ದು ಸೆರೆಯಲ್ಲಿ. ಅದೇ ಪತ್ರದಲ್ಲಿ ಬದುಕಲೋ ಸಾಯಲೋ ಎಂಬ ತೊಳಲಾಟವೂ ಇದೆ, ಜೊತೆಗೆಲಸಗಾರ ಎಪಫ್ರೊದೀತ ಕಾಯಿಲೆಯಿಂದ ತೀರಿಕೊಂಡಿದ್ದರೆ ದುಃಖದ ಮೇಲೆ ದುಃಖವಾಗುತ್ತಿತ್ತೆಂಬ ಒಪ್ಪಿಗೆಯೂ ಇದೆ. ನಾಲ್ಕನೇ ಅಧ್ಯಾಯ ಮಾತ್ರ ಓದುವವರಿಗೆ ಇದು ಕಾಣುವುದಿಲ್ಲ.

ಆಲೋಚನೆಗಳನ್ನು ಕಾಯುವುದು ಒಂದು ವಿದ್ಯೆಯಾಗಿ ರೂಪುಗೊಂಡದ್ದು ನಾಲ್ಕನೇ ಶತಮಾನದ ಈಜಿಪ್ಟಿನ ಮರಳುಗಾಡಿನಲ್ಲಿ, ಮುಖ್ಯವಾಗಿ ಇವಾಗ್ರಿಯಸ್‌ನ ಕೈಯಲ್ಲಿ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರಾಂತ ಬೋಧಕನಾಗಿದ್ದ ಈತ ವಿವಾಹಿತ ಸ್ತ್ರೀಯೊಬ್ಬಳ ಮೋಹಕ್ಕೆ ಸಿಕ್ಕಿ ಜೆರುಸಲೇಮಿಗೆ ಓಡಿಬಂದ. ಅಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ವೈದ್ಯರ ಕೈಯಲ್ಲಿ ಏನೂ ಆಗಲಿಲ್ಲ. ಮೆಲಾನಿಯಾ ಎಂಬ ತಪಸ್ವಿನಿ ಮನಸ್ಸಿನಲ್ಲಿ ಬಚ್ಚಿಟ್ಟದ್ದನ್ನು ಹೇಳಿಸಿದ ಮೇಲೆ ಚೇತರಿಸಿಕೊಂಡ ಎಂದು ಅವನ ಶಿಷ್ಯ ಪಲ್ಲಾಡಿಯಸ್ ಬರೆದಿದ್ದಾನೆ. ಇಡೀ ಪರಂಪರೆಯ ಬೀಜ ಆ ರೋಗಶಯ್ಯೆಯಲ್ಲಿದೆ, ಬಿತ್ತಿದವಳು ಹೆಂಗಸು ಎನ್ನುವುದನ್ನು ನಮ್ಮ ಪಠ್ಯಗಳು ಹೇಳುವುದೇ ಇಲ್ಲ.

ಇವಾಗ್ರಿಯಸ್ ಎಂಟು ಬಗೆಯ ದುರಾಲೋಚನೆಗಳನ್ನು ಪಟ್ಟಿಮಾಡಿದ. ಅವು ಬರುವುದು ನಮ್ಮ ಕೈಯಲ್ಲಿಲ್ಲ, ಒಳಗೆ ಠಿಕಾಣಿ ಹೂಡಲು ಬಿಡುವುದು ಬಿಡದಿರುವುದು ನಮ್ಮ ಕೈಯಲ್ಲಿದೆ ಎಂದ. ‘ಅಂಟಿರೆಟಿಕಸ್’ ಎಂಬ ಕೃತಿಯಲ್ಲಿ ಒಂದೊಂದು ಆಲೋಚನೆಯನ್ನೂ ಎದುರಿಗೆ ನಿಲ್ಲಿಸಿ ವೇದವಾಕ್ಯದಿಂದ ಉತ್ತರ ಕೊಡುತ್ತಾನೆ. ಹೀಗೆ ಸುಮಾರು ಐನೂರು ಉತ್ತರಗಳಿವೆ. ಉತ್ತರ ಕೊಡಬೇಕಾದರೆ ಮೊದಲು ಆಲೋಚನೆಯನ್ನು ಇದ್ದದ್ದು ಇದ್ದಂತೆ ಒಪ್ಪಿಕೊಳ್ಳಬೇಕು. ಹಸಿವು, ಮುದಿತನ, ಕಾಯಿಲೆ ಬಂದರೆ ಗತಿಯೇನು ಎಂಬ ದಿಗಿಲನ್ನೂ ಅವನು ನಾಚಿಕೆಯಿಲ್ಲದೆ ಬರೆದಿಟ್ಟ. ಅವನು ಚಿತ್ರಿಸುವ ಬೇಸರ ಹಿಡಿದ ಸನ್ಯಾಸಿ ಕಿಟಕಿಯತ್ತ ಮತ್ತೆ ಮತ್ತೆ ನೋಡುತ್ತಾನೆ, ಹೊತ್ತು ಎಷ್ಟಾಯಿತೆಂದು ಸೂರ್ಯನನ್ನು ಅಳೆಯುತ್ತಾನೆ, ಮಾತಾಡಿಸಲು ಯಾರಾದರೂ ಬಂದಾರೆಯೇ ಎಂದು ಹೊರಗೆ ಇಣುಕುತ್ತಾನೆ. ಲಾಕ್‌ಡೌನ್ ಕಂಡವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

553ರ ಮಹಾಸಭೆಯ ಹೊತ್ತಿಗೆ ಇವಾಗ್ರಿಯಸ್ ಖಂಡನೆಗೆ ಗುರಿಯಾದ. ಅವನ ಕೆಲವು ಕೃತಿಗಳು ಬೇರೆಯವರ ಹೆಸರಲ್ಲಿ ಉಳಿದುಕೊಂಡವು. ಸನ್ಯಾಸಿ ಕ್ಯಾಸಿಯನ್ ಈ ವಿದ್ಯೆಯನ್ನು ಪಶ್ಚಿಮಕ್ಕೆ ಒಯ್ದ. ಪೋಪ್ ಮಹಾ ಗ್ರೆಗರಿಯ ಕಾಲಕ್ಕೆ ಎಂಟು ಆಲೋಚನೆಗಳು ಏಳು ಪಾಪಗಳ ಪಟ್ಟಿಯಾದವು. ರೋಗಲಕ್ಷಣದ ವಿವರವಿದ್ದ ಜಾಗದಲ್ಲಿ ಆರೋಪಪಟ್ಟಿ ಬಂದು ಕೂತಿತು, ಅದರ ಭಾರವನ್ನು ಇಂದಿಗೂ ಹೊತ್ತಿದ್ದೇವೆ. ಪೂರ್ವದ ಸಭೆಗಳು ಹಳೆಯ ದಾರಿಯನ್ನು ಬಿಡಲಿಲ್ಲ. 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಫಿಲೋಕಾಲಿಯಾ’ ಅದರ ದೊಡ್ಡ ಸಂಗ್ರಹ.

ಪಶ್ಚಿಮದಲ್ಲೂ ಹೇಳಿಕೊಳ್ಳುವ ರೂಢಿ ಪೂರ್ತಿ ಅಳಿಯಲಿಲ್ಲ. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಮನ್ರೇಸಾದಲ್ಲಿ ಆತ್ಮಹತ್ಯೆಯ ಆಲೋಚನೆಯೊಡನೆ ಗುದ್ದಾಡಿದವನು. ಮನಸ್ಸು ಕುಗ್ಗಿದಾಗ ಹಿಂದಿನ ನಿರ್ಧಾರ ಬದಲಿಸಬೇಡ, ಕಾಡುವುದನ್ನು ಅನುಭವಿಯೊಬ್ಬನಿಗೆ ಹೇಳು ಎಂಬ ಅವನ ನಿಯಮಗಳನ್ನು ಮಂಗಳೂರಿನ ಜೆಸ್ವಿಟರ ಧ್ಯಾನಕೂಟಗಳಿಗೆ ಹೋಗಿಬಂದವರು ಬಲ್ಲರು. ಸುಧಾರಕ ಲೂಥರ್ 1527ರ ಪ್ಲೇಗಿನಲ್ಲಿ ವಿಟೆನ್‌ಬರ್ಗ್ ಬಿಟ್ಟು ಹೋಗಲಿಲ್ಲ. ಖಿನ್ನನಾಗಿದ್ದ ಶಿಷ್ಯ ವೆಲ್ಲರ್‌ಗೆ 1530ರಲ್ಲಿ ಅವನು ಕೊಟ್ಟ ಸಲಹೆ ಒಬ್ಬನೇ ಇರಬೇಡ, ಜನರೊಡನೆ ಬೆರೆ, ನಗು ಎಂಬುದು. ಬಾಸೆಲ್ ಮಿಷನ್ ಕಾಲದಲ್ಲೇ ಕನ್ನಡಕ್ಕೆ ಬಂದ ಬನಿಯನ್‌ನ ‘ಯಾತ್ರಿಕನ ಸಂಚಾರ’ದಲ್ಲೂ ನಿರಾಶೆಯ ರಾಕ್ಷಸ ಪ್ರಾಣ ಕಳೆದುಕೊಳ್ಳಿರೆಂದು ಪುಸಲಾಯಿಸುವಾಗ ಯಾತ್ರಿಕನನ್ನು ತಡೆಯುವುದು ಜೊತೆಗಾರನ ಮಾತು.

ಇಪ್ಪತ್ತನೇ ಶತಮಾನದಲ್ಲಿ ನನಗೆ ಇಬ್ಬರು ಮುಖ್ಯ. ನಾಜಿಗಳನ್ನು ಎದುರಿಸಿದ ಜರ್ಮನ್ ಪಾದ್ರಿ ಬಾನ್‌ಹೋಫರ್ 1943ರ ಏಪ್ರಿಲ್ 5ರಂದು ಬಂಧನಕ್ಕೊಳಗಾದ. ಟೇಗೆಲ್ ಸೆರೆಮನೆಯ ಮೊದಲ ವಾರಗಳ ಚೀಟಿಗಳಲ್ಲಿ ಆತ್ಮಹತ್ಯೆ ಎಂಬ ಪದವೇ ಇದೆ. ಆ ನವೆಂಬರಿನಲ್ಲಿ ಗೆಳೆಯ ಬೆತ್ಗೆಗೆ ಬರೆದ ಕಾಗದದಲ್ಲಿ ತನ್ನನ್ನು ಕಾಡಿದ್ದಕ್ಕೆ ಅವನು ಕೊಟ್ಟ ಹೆಸರು ಮರಳುಗಾಡಿನ ಆ ಹಳೆಯ ಬೇಸರದ್ದೇ. ಅಂಥವನೇ ಹೇಳಿಕೊಂಡ.

ಇನ್ನೊಬ್ಬ ಆಂಟನ್ ಬೊಯ್ಸನ್, ನಮ್ಮ ಆಪ್ತಸಮಾಲೋಚನೆಯ ಶಾಲೆಯ ಮೂಲಪುರುಷ. 1920ರಲ್ಲಿ ಸ್ವತಃ ಮಾನಸಿಕ ಆಸ್ಪತ್ರೆ ಸೇರಿದ ಈ ಪಾದ್ರಿ, 1925ರಲ್ಲಿ ಅಮೆರಿಕದ ವೂಸ್ಟರ್‌ನ ಆಸ್ಪತ್ರೆಗೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು ವಾರ್ಡಿನ ಚಾಕರಿಗೆ ಹಚ್ಚಿದ. ಗ್ರಂಥಗಳಷ್ಟೇ ಶ್ರದ್ಧೆಯಿಂದ ರೋಗಿಗಳನ್ನೂ ಓದಬೇಕೆಂಬುದು ಅವನ ಹಟ. ಮುಂದೆ ಈ ಶಾಲೆಯಿಂದ ಬಂದದ್ದು ‘ವರ್ಬೇಟಿಮ್’: ರೋಗಿಯೊಡನೆ ನಡೆದ ಮಾತುಕತೆಯನ್ನು ನೆನಪಿನಿಂದ ಬರೆದು ತರಗತಿಯಲ್ಲಿ ಓದುವುದು. ‘ರೋಗಿ: ರಾತ್ರಿ ನಿದ್ದೆಯೇ ಬರಲ್ಲ ಅಯ್ಯನೋರೇ. ನಾನು: ದೇವರ ಮೇಲೆ ಭಾರ ಹಾಕಿ. ರೋಗಿ: (ಗೋಡೆಯ ಕಡೆ ತಿರುಗಿದರು.)’ ಇಂಥ ಮೂರು ಸಾಲು ಕಲಿಸುವಷ್ಟನ್ನು ಒಂದು ವರ್ಷದ ಪ್ರಸಂಗಶಾಸ್ತ್ರ ಕಲಿಸದು. ಅದನ್ನು ಬರೆದ ಹುಡುಗ ಕಾವಲು ಕಾಯಲಿಲ್ಲ, ಬಾಗಿಲು ಹಾಕಿಬಿಟ್ಟ.

ಮುಂದೆ 1952ರಲ್ಲಿ ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್‌ನ ಸಕಾರಾತ್ಮಕ ಚಿಂತನೆಯ ಪುಸ್ತಕ ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. ಅದು ಕೆಲವರಿಗೆ ನೆರವಾಗಿದೆ, ಇಲ್ಲವೆನ್ನಲಾರೆ. ಆದರೆ ಅದು ಕೇಳುವವನನ್ನು ಹೊರಗಟ್ಟಿ, ಮನುಷ್ಯನೊಬ್ಬನನ್ನೇ ಅವನ ತಲೆಯೊಳಗೆ ಕೂರಿಸಿತು. ನಮ್ಮ ಕೂಟಗಳಲ್ಲಿ ಈಗ ಓಡಾಡುತ್ತಿರುವುದು ಅದರ ಮರಿ.

ನಮ್ಮ ಹಳೆಯ ಪರಂಪರೆಯ ಕೊರತೆಗಳೂ ಕಣ್ಣಿಗೆ ಹೊಡೆಯುವಂತಿವೆ. ಮೆಲಾನಿಯಾಳನ್ನು ಬಿಟ್ಟರೆ ನಾನು ಹೇಳಿದ ಈ ಚರಿತ್ರೆ ಗಂಡಸರದೇ, ಅದರಲ್ಲೂ ಸನ್ಯಾಸಿ, ಪಾದ್ರಿ, ಪಂಡಿತರದು. ಸಾಲ ಕೊಟ್ಟವನು ಮನೆಬಾಗಿಲಿಗೆ ಬಂದಾಗ ಹೆಂಗಸೊಬ್ಬಳ ತಲೆಯಲ್ಲಿ ಏಳುವ ಆಲೋಚನೆಗೆ ಇದರಲ್ಲಿ ಅಧ್ಯಾಯವಿಲ್ಲ. ಕಥೋಲಿಕರಲ್ಲಿ ಪಾಪನಿವೇದನೆಯ ಪೀಠವಾದರೂ ಉಂಟು, ಅಲ್ಲೂ ಪಾಪ ಹೇಳಲು ಎಡೆಯಿರುವಷ್ಟು ಭಯ ಹೇಳಲು ಇಲ್ಲ. ಪ್ರೊಟೆಸ್ಟಂಟರಲ್ಲಿ ಬಹುಮಟ್ಟಿಗೆ ಅದೂ ಇಲ್ಲ. ಕಾಯಿಲೆ ಯಾವುದು, ಶೋಧನೆ ಯಾವುದು ಎಂದು ಬೇರ್ಪಡಿಸಿ ನೋಡುವ ತರಬೇತಿ ಎಲ್ಲರಿಗೂ ಸಾಲದು.

ಸಭಾಪಾಲಕರಲ್ಲೂ ಗುರುಗಳಲ್ಲೂ ನನ್ನ ಬೇಡಿಕೆ ದೊಡ್ಡದಲ್ಲ. ವಾರಕ್ಕೊಂದು ಸಂಜೆ ಪ್ರಸಂಗವಿಲ್ಲದೆ ಬರೀ ಕೇಳಿಸಿಕೊಳ್ಳಲು ಕೂತುಕೊಳ್ಳಿ, ಜೊತೆಗೆ ಸಭೆಯ ಹಿರಿಯ ಹೆಂಗಸೊಬ್ಬರನ್ನೂ ಕೂರಿಸಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು ಚರ್ಚಿನ ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ. ಅದು ಸರ್ಕಾರದ್ದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.