ತಂತಿ ಮುಟ್ಟದೆ ಕರೆಂಟು ಅಳೆಯುವುದು

ಸೋಮನಾಥಪುರದ ಕೇಶವ ದೇಗುಲ ನೋಡಿದವರು ಹಾಗೇ ತಲಕಾಡು, ಶಿವನಸಮುದ್ರದ ಕಡೆಗೂ ಹೋಗುವುದುಂಟು. ಇದೇ ಕಾವೇರಿಯ ಕೆಳದಂಡೆಯ ಶಿವನಸಮುದ್ರದಿಂದ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರಿನ ಆ ಸಾಲು ಅಂದಿನ ಜಗತ್ತಿನ ಅತಿ ಉದ್ದದ ಸಾಲುಗಳಲ್ಲೊಂದು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡದೆ 1901ರಲ್ಲೇ ತೀರಿಕೊಂಡಿದ್ದರು.

ಸುಮಾರು 35,000 ವೋಲ್ಟಿನ ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ತಿಳಿಯುವುದು ಹೇಗೆ? ಹೆಚ್ಚಾದರೆ ತಂತಿ ಕಾಯುತ್ತದೆ. ನಿಂತರೆ ನೆಲದಾಳದ ಗಣಿಯ ಕೆಲಸ ನಿಲ್ಲುತ್ತದೆ. ಆದರೆ ಅಷ್ಟು ವೋಲ್ಟಿನ ತಂತಿಗೆ ಮೀಟರನ್ನು ನೇರವಾಗಿ ಸೇರಿಸಿ, ಅದರ ಮುಂದೆ ಮನುಷ್ಯ ನಿಲ್ಲುವಂತಿಲ್ಲ.

ದಾರಿ ತೋರಿದ್ದು 1820. ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ ಪ್ರಕಟಿಸಿದ. ಅದೇ ವರ್ಷ ಪ್ಯಾರಿಸಿನಲ್ಲಿ ಆಂಪೇರ್, ಬಿಯೊ, ಸವಾರ್ ಅದಕ್ಕೆ ಲೆಕ್ಕ ಕಟ್ಟಲು ಕೂತರು. ಉದ್ದನೆಯ ನೇರ ತಂತಿಗೆ ಲೆಕ್ಕ ಸರಳ: ಮೈಕ್ರೋಟೆಸ್ಲಾದಲ್ಲಿ ಕಾಂತಕ್ಷೇತ್ರ, ಮೀಟರಿನಲ್ಲಿ ದೂರ, ಎರಡನ್ನೂ ಗುಣಿಸಿ 5ರಿಂದ ಗುಣಿಸಿದರೆ ಆಂಪಿಯರ್ ಸಿಗುತ್ತದೆ. ಒಂದು ಮೀಟರು ದೂರದಲ್ಲಿ 10 ಮೈಕ್ರೋಟೆಸ್ಲಾ ಇದ್ದರೆ ತಂತಿಯಲ್ಲಿ 50 ಆಂಪಿಯರ್.

ಕಾಗದದ ಮೇಲೆ ಸರಿ. ಆದರೆ ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ. ಜೊತೆಗೆ ಪಕ್ಕದ ತಂತಿಗಳ ಕ್ಷೇತ್ರವೂ ಬಂದು ಬೆರೆಯುತ್ತದೆ. ಒಂದೇ ಬಿಂದುವಿನಲ್ಲಿ ಅಳೆದರೆ ಯಾರ ಪಾಲು ಎಷ್ಟೆಂದು ಹೇಳಲಾಗದು.

ಆಂಪೇರನ ಹೆಸರಿನ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ತಂತಿಯನ್ನು ಪೂರ್ತಿ ಬಳಸಿ ಒಂದು ಸುತ್ತು ಬಂದು, ದಾರಿಯುದ್ದಕ್ಕೂ ಕ್ಷೇತ್ರವನ್ನು ಕೂಡಿಸಿ; ಹೊರಗಿನ ತಂತಿಗಳ ಪಾಲು ತಾನಾಗಿ ವಜಾ ಆಗಿ, ಸುತ್ತಿನ ಒಳಗಿನ ಕರೆಂಟಿನ ಲೆಕ್ಕ ಮಾತ್ರ ಉಳಿಯುತ್ತದೆ. ಈ ಸುತ್ತನ್ನೇ ಕಬ್ಬಿಣದ ಬಳೆಯಾಗಿ ಮಾಡಿದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ದಿಕ್ಕು ಬದಲಿಸುತ್ತಲೇ ಇರುವ ಕರೆಂಟು ಬಳೆಯಲ್ಲಿ ಏರಿಳಿಯುವ ಕ್ಷೇತ್ರ ಹುಟ್ಟಿಸುತ್ತದೆ. ಬಳೆಗೆ 10 ಸುತ್ತು ಸುರುಳಿ ಸುತ್ತಿದರೆ 50 ಆಂಪಿಯರ್ ಅಲ್ಲಿ 5 ಆಂಪಿಯರ್ ಆಗಿ ಮೀಟರಿಗೆ ಬರುತ್ತದೆ. ಭೂಮಿಯ ಕ್ಷೇತ್ರ ಅಲುಗಾಡುವುದಿಲ್ಲವಾದ್ದರಿಂದ ಸುರುಳಿಗೆ ಅದರ ಅರಿವೇ ಇಲ್ಲ.

ಇಂದು ಎಲೆಕ್ಟ್ರಿಷಿಯನ್ ಕೈಯ ಕ್ಲಾಂಪ್ ಮೀಟರಿನ ಇಕ್ಕಳದಲ್ಲಿರುವುದೂ ಇದೇ ಬಳೆ. ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದರೆ ಅದು ಸೊನ್ನೆ ತೋರಿಸುತ್ತದೆ: ಹೋದದ್ದೂ ಬಂದದ್ದೂ ಸಮ.

ಗಣಿಗೆ ಮೊದಲು ಮುಟ್ಟಿದ ಕಾವೇರಿಯ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹೊಳೆಯ ದಂಡೆಯ ಹಳ್ಳಿಗಳು ಇನ್ನೂ ಬಹಳ ಕಾಲ ಬುಡ್ಡಿದೀಪದಲ್ಲೇ ಇದ್ದವು. ತಂತಿಯೊಳಗೆ ಎಷ್ಟು ಹರಿಯಿತೆಂದು ಬಳೆ ಹೇಳುತ್ತದೆ. ಯಾರ ಮನೆಗೆ ಹರಿಯಿತೆಂಬುದನ್ನು ಚರಿತ್ರೆಯೇ ಹೇಳಬೇಕು.